ಪೆನ್ಸಿಲಿನಲ್ಲಿ ಬರೆದ ಹನ್ನೆರಡು

ಕಳೆದ ತಿಂಗಳು ಎದೆ ಕಟ್ಟಿ ಎರಡು ದಿನ ಮಲಗಿದ್ದೆ. ಸೊಸೆ ಮೆಡಿಕಲ್ ಶಾಪಿನಿಂದ ಒಂದು ಸಣ್ಣ ಕಂದು ಬಾಟಲಿ ತಂದು, ಬಿಸಿನೀರಿಗೆ ನಾಲ್ಕು ಹನಿ ಬಿಟ್ಟು, ತಲೆಯ ಮೇಲೆ ಟವಲು ಹೊದಿಸಿ ಹಬೆ ತೆಗೆದುಕೊಳ್ಳಿ ಎಂದಳು. ಟಿಂಕ್ಚರ್ ಬೆಂಜೋಯಿನ್. ಸಾಂಬ್ರಾಣಿಯಂತೆ ಸಿಹಿ, ಅದರೊಳಗೆ ಸ್ವಲ್ಪ ಸುಟ್ಟ ಸಕ್ಕರೆಯ ಹಾಗಿನ ವಾಸನೆ. ವೈದ್ಯನಾಗಿ ಅದನ್ನು ನಾನು ಯಾರಿಗಾದರೂ ಬರೆದುಕೊಟ್ಟು ಎಷ್ಟು ಕಾಲವಾಯಿತೋ ನೆನಪಿಲ್ಲ. ಒಮ್ಮೆ ಉಸಿರೆಳೆದದ್ದೇ ತಡ, ಬೆಳ್ತಂಗಡಿಯ ಆ ವಾರ್ಡು, ಕಬ್ಬಿಣದ ಮಂಚಗಳು, ಹಬೆಯಾಡುವ ಎನಾಮಲ್ ಜಗ್ಗು ಹಿಡಿದು ಮಂಚದಿಂದ ಮಂಚಕ್ಕೆ ನಡೆಯುವ ಸಿಸ್ಟರ್... ಎಲ್ಲ ಎದುರಿಗೆ ಬಂದು ನಿಂತವು. ಟವಲು ತೆಗೆದುಬಿಟ್ಟೆ. ಸೊಸೆ ಹಬೆ ಜಾಸ್ತಿಯಾಯಿತೇನೋ ಎಂದುಕೊಂಡಳು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಾನು ಬಂಟ್ವಾಳದವನು. ಎಂಬಿಬಿಎಸ್ ಮುಗಿಸಿ ನೇರ ಬೆಳ್ತಂಗಡಿಯ ಒಂದು ಸಣ್ಣ ಆಸ್ಪತ್ರೆಗೆ ಸೇರಿದ್ದೆ. ಊರಿನ ಕೆಲವರು ಸೇರಿ ನಡೆಸುತ್ತಿದ್ದ ಆಸ್ಪತ್ರೆ. ಈಗ ಅದು ಇಲ್ಲ. ದೊಡ್ಡ ಡಾಕ್ಟರು ಮಂಗಳೂರಿನಿಂದ ವಾರಕ್ಕೆ ಎರಡು ದಿನ ಬರುತ್ತಿದ್ದರು, ಉಳಿದ ದಿನಗಳಲ್ಲಿ ನಾನೇ ಡಾಕ್ಟರು. ಹೆಂಗಸರ ವಾರ್ಡಿನಲ್ಲಿ ಆರು ಮಂಚ. ಇಡೀ ಆಸ್ಪತ್ರೆಗೆ ಒಂದೇ ಆಕ್ಸಿಜನ್ ಸಿಲಿಂಡರ್. ಅದು ಮುಗಿಯುವ ಮೊದಲೇ ಇನ್ನೊಂದನ್ನು ಮಂಗಳೂರಿನಿಂದ ಬಸ್ಸಿನ ಮೇಲೆ ಹೇರಿಸಿ ತರಿಸಬೇಕಿತ್ತು.

ಆ ವಾರ್ಡು ಸಿಸ್ಟರ್ ಅವರದು. ಮೂಡಬಿದಿರೆಯವರು, ಆಗಲೇ ನಲವತ್ತು ದಾಟಿತ್ತು. ತೆಳ್ಳಗಿನ ಮೈ, ಸ್ವಲ್ಪ ಮುಂದಕ್ಕೆ ಬಾಗಿದ ನಡಿಗೆ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ರೋಗಿಗಳೆಲ್ಲ ಅವರನ್ನು ‘ಬಾಯಮ್ಮ’ ಎನ್ನುತ್ತಿದ್ದರು. ನಾನು ಸಿಸ್ಟರ್ ಎನ್ನುತ್ತಿದ್ದೆ. ಅವರು ನನ್ನನ್ನು ಮೊದಲ ದಿನದಿಂದಲೂ ‘ಡಾಕ್ಟ್ರೇ’ ಎಂದೇ ಕರೆದರು. ನನ್ನ ವಯಸ್ಸಿಗೆ ಅಷ್ಟು ಮರ್ಯಾದೆ ಸಲ್ಲುತ್ತದೆಯೇ ಎಂಬ ಪ್ರಶ್ನೆ ಆಗ ನನ್ನ ತಲೆಗೆ ಬರಲಿಲ್ಲ.

ಚಳಿಗಾಲದಲ್ಲಿ ನ್ಯುಮೋನಿಯಾ ರೋಗಿಗಳು ಬಹಳ. ಚಾರ್ಮಾಡಿ ಕಡೆಯಿಂದ, ಕೊಕ್ಕಡದಿಂದ ಜೀಪಿನಲ್ಲಿ ಮಲಗಿಸಿಕೊಂಡು ತರುತ್ತಿದ್ದರು. ಜೊತೆಗೆ ಬಂದವರು ರೋಗಿ ಬದುಕುತ್ತಾರೋ ಇಲ್ಲವೋ ಎಂದು ಮೊದಲು ಕೇಳುತ್ತಿರಲಿಲ್ಲ, ಕೇಳಲು ಹೆದರಿಕೆ. “ಎಷ್ಟು ದಿವಸ ಇರ್ಬೇಕಾಗ್ತದೆ?” ಎಂದು ಕೇಳುತ್ತಿದ್ದರು. ನಮಗೂ ಆ ಉತ್ತರ ಬೇಕಿತ್ತು. ಮಂಚ ಯಾವಾಗ ಖಾಲಿಯಾಗುತ್ತದೆ, ಪೆನಿಸಿಲಿನ್ ಎಷ್ಟು ತರಿಸಬೇಕು, ಎಲ್ಲ ಅದರ ಮೇಲೆ ನಿಂತಿತ್ತು. ಅದಕ್ಕಿಂತ ಹೆಚ್ಚಾಗಿ, ದಿನ ಹೇಳದಿದ್ದರೆ ಜನ ನಿಲ್ಲುತ್ತಿರಲಿಲ್ಲ. ಮೂರನೇ ದಿನ ಜ್ವರ ಬಿಟ್ಟರೆ ಸಾಕು, ಗಂಟು ಕಟ್ಟಿಕೊಂಡು ಹೊರಟೇಬಿಡುತ್ತಿದ್ದರು.

ಕಾಲೇಜಿನಿಂದ ಆಗಷ್ಟೇ ಬಂದ ನನಗೆ ಇದೊಂದು ಸವಾಲಾಗಿ ಕಂಡಿತು. ಗೆರೆ ಎಳೆದ ನೋಟ್ ಪುಸ್ತಕವೊಂದನ್ನು ಮಾಡಿಕೊಂಡೆ. ರೋಗಿಯ ವಯಸ್ಸು, ನಿಮಿಷಕ್ಕೆ ಎಷ್ಟು ಉಸಿರು, ಬರುವ ಮೊದಲು ಎಷ್ಟು ದಿನ ಜ್ವರ, ಒಂದು ಶ್ವಾಸಕೋಶವೋ ಎರಡೋ, ಒಂದೊಂದಕ್ಕೂ ಇಷ್ಟಿಷ್ಟು ಅಂಕ. ಕೂಡಿಸಿದರೆ ಎಷ್ಟು ದಿನ ಆಸ್ಪತ್ರೆಯಲ್ಲಿರಬೇಕೆಂಬುದು ಸಿಗಬೇಕು. ಹಾಗೆಂದು ನನ್ನ ಲೆಕ್ಕ.

ಸಿಸ್ಟರ್ ಕೂಡ ದಿನ ಹೇಳುತ್ತಿದ್ದರು. ಹೊಸ ರೋಗಿ ಬಂದ ಕೂಡಲೇ ಬೆನ್ನಿನ ಮೇಲೆ ಅಂಗೈ ಇಟ್ಟು, ಇನ್ನೊಂದು ಕೈಯ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರೆಣಿಸುವರು. ಆಮೇಲೆ ಜೊತೆಗೆ ಬಂದವರನ್ನು ವಿಚಾರಿಸುವರು. ಬಾವಿ ಎಷ್ಟು ದೂರ? ಅಡುಗೆ ಯಾರು ಮಾಡುವುದು? ಹಟ್ಟಿಯಲ್ಲಿ ದನ ಉಂಟಾ? ಅತ್ತೆ ಇದ್ದಾರಾ, ಇದ್ದರೆ ಅವರಿಗೆ ಕೈಲಾಗುತ್ತದಾ? ನನಗೆ ಅದೆಲ್ಲ ಹೆಂಗಸರ ಪಟ್ಟಾಂಗವಾಗಿ, ಬರೀ ಹರಟೆಯಾಗಿ ಕಾಣುತ್ತಿತ್ತು. ವಿಚಾರಣೆ ಮುಗಿದ ಮೇಲೆ ಕೇಸ್ ಶೀಟಿನ ಬಲ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಅಂಕೆ ಬರೆಯುವರು. ಅಷ್ಟು ದಿನ. ನಾನು ನನ್ನ ಅಂಕೆಯನ್ನು ನೋಟ್ ಪುಸ್ತಕದಲ್ಲಿ ಬರೆಯುವುದು, ಅವರು ಮೂಲೆಯಲ್ಲಿ ಬರೆಯುವುದು, ಕೊನೆಗೆ ಯಾರದು ಹತ್ತಿರ ಬಂತೆಂದು ನೋಡುವುದು. ಇದು ನಮ್ಮಿಬ್ಬರ ನಡುವೆ ಒಂದು ಆಟದ ಹಾಗೆ ನಡೆದಿತ್ತು. ಹೆಚ್ಚಾಗಿ ಅವರೇ ಗೆಲ್ಲುತ್ತಿದ್ದರು. ಅದು ಅದೃಷ್ಟವೆಂದು ನಾನು ನಂಬಿದ್ದೆ.

ಒಂದು ಡಿಸೆಂಬರಿನಲ್ಲಿ ಕೊಕ್ಕಡದಿಂದ ಒಬ್ಬಳನ್ನು ತಂದರು. ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡುವವಳು. ಬೆಳಗಿನ ಚಳಿಯಲ್ಲಿ ಮರದಿಂದ ಮರಕ್ಕೆ ಹೋಗಿ ತೊಗಟೆ ಗೀರಿ ಹಾಲಿಳಿಸುವ ಕೆಲಸ. ಇಪ್ಪತ್ತೆಂಟರ ಹರೆಯ, ಇಬ್ಬರು ಸಣ್ಣ ಮಕ್ಕಳು. ಗಂಡ ಉಜಿರೆಯ ಮರದ ಮಿಲ್ಲಿನಲ್ಲಿದ್ದ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಬಲಗಡೆಯ ಶ್ವಾಸಕೋಶ ಮಾತ್ರ, ಜ್ವರ ಬಂದು ಎರಡೇ ದಿನ, ಉಸಿರು ನಲವತ್ತು. ನಾನು ಅಂಕಗಳನ್ನು ಕೂಡಿಸಿದೆ. ಆರು ದಿನ.

ಸಿಸ್ಟರ್ ಎಂದಿಗಿಂತ ಹೆಚ್ಚು ಹೊತ್ತು ಗಂಡನೊಂದಿಗೆ ಮಾತಾಡಿದರು. ಆಮೇಲೆ ಹನ್ನೆರಡು ಎಂದು ಬರೆದರು.

ನಾನು ನಕ್ಕುಬಿಟ್ಟೆ. “ಪ್ರಾಯದವಳು ಸಿಸ್ಟರ್, ಒಂದೇ ಸೈಡು. ಹನ್ನೆರಡು ಯಾಕೆ?”

“ನೋಡುವ ಡಾಕ್ಟ್ರೇ,” ಎಂದರು ಅಷ್ಟೇ.

ಪೆನಿಸಿಲಿನ್ ಹಿಡಿಯಿತು. ಮೂರನೇ ದಿನ ಜ್ವರ ಇಳಿಯಿತು. ಐದನೇ ದಿನ ಅವಳು ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಿ ಬಂದಳು. ಆರನೇ ದಿನ ಬೆಳಿಗ್ಗೆ ಮ್ಯಾನೇಜರು ನನ್ನ ಕೋಣೆಗೆ ಬಂದರು. ಒಬ್ಬ ದೊಡ್ಡ ವ್ಯಾಪಾರಿಯ ತಾಯಿಯನ್ನು ಮಧ್ಯಾಹ್ನ ಕರೆತರುತ್ತಾರೆ, ವಯಸ್ಸಾದವರು, ಉಬ್ಬಸ. “ಒಂದು ಬೆಡ್ ಆಗ್ಬೇಕಿತ್ತು ಡಾಕ್ಟ್ರೇ. ನೀವು ಮನಸ್ಸು ಮಾಡಿದ್ರೆ ಆಗ್ತದೆ,” ಎಂದರು. ಒತ್ತಾಯ ಮಾಡಲಿಲ್ಲ. ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ, ಯಾರೂ ಒತ್ತಾಯ ಮಾಡಲಿಲ್ಲ. ನಾನು ನೋಟ್ ಪುಸ್ತಕ ತೆರೆದೆ. ಅಲ್ಲಿ ಆರು ಎಂದಿತ್ತು, ಅಂದು ಆರನೇ ದಿನ. ನನ್ನ ಲೆಕ್ಕ ಸರಿಯಾಗಿತ್ತು. ಆಗ ಆದ ಸಂತೋಷ ಈಗಲೂ ನೆನಪಿದೆ.

ಡಿಸ್ಚಾರ್ಜ್ ಬರೆದು ಕೊಟ್ಟಾಗ ಸಿಸ್ಟರ್ ಚೀಟಿ ತೆಗೆದುಕೊಳ್ಳಲಿಲ್ಲ.

“ಇವತ್ತು ಬೇಡ ಡಾಕ್ಟ್ರೇ.”

“ಜ್ವರ ಇಲ್ಲ. ಎದೆ ಸರಿಯಾಗ್ತಾ ಉಂಟು. ಮಾತ್ರೆ ಕೊಟ್ಟಿದ್ದೇನೆ. ಮತ್ತೆ ಎಂತ?”

“ಮೊನ್ನೆ ಅವಳ ಗಂಡ ಕೇಳಿದ್ದು ಎಂತ ಗೊತ್ತುಂಟಾ? ಇವಳು ಯಾವಾಗಿಂದ ತೋಟಕ್ಕೆ ಹೋಗ್ಬಹುದು ಅಂತ. ಬಾವಿ ಗುಡ್ಡದ ಕೆಳಗೆ. ಮಾತ್ರೆ ನುಂಗ್ತಾಳೆ, ಸರಿ. ನುಂಗ್ಲಿಕ್ಕೆ ನೀರು ಅವಳೇ ಹೊತ್ತು ತರ್ಬೇಕು.”

“ಸಿಸ್ಟರ್, ಇದು ಆಸ್ಪತ್ರೆ. ಛತ್ರ ಅಲ್ಲ.”

ವಾರ್ಡಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಸಿಸ್ಟರ್ ನನ್ನ ಮುಖವನ್ನು ಒಮ್ಮೆ ನೋಡಿ ಚೀಟಿ ತೆಗೆದುಕೊಂಡರು. ಆ ಹೆಂಗಸು ನಮ್ಮಿಬ್ಬರಿಗೂ ಕೈಮುಗಿದು ಹನ್ನೊಂದರ ಬಸ್ಸಿಗೆ ಹೊರಟಳು. ಬಿಸಿಲಲ್ಲಿ ರಸ್ತೆಯವರೆಗೆ ಅವಳ ಗಂಟನ್ನು ಹಿಡಿದುಕೊಂಡು ಹೋದವರು ಸಿಸ್ಟರ್. ಮಧ್ಯಾಹ್ನ ವ್ಯಾಪಾರಿಯ ತಾಯಿ ಆ ಮಂಚಕ್ಕೆ ಬಂದರು.

ಅದಾಗಿ ಎರಡು ದಿನಕ್ಕೆ ಕೊಕ್ಕಡದಿಂದ ಮದ್ದಿಗೆ ಬಂದ ಯಾರನ್ನೋ ಸಿಸ್ಟರ್ ಮಾತಾಡಿಸುತ್ತಿದ್ದುದನ್ನು ನೋಡಿದೆ. ಮರುದಿನ ಎಂಟು ಗಂಟೆಗೆ ಡ್ಯೂಟಿಗೆ ಬರಬೇಕಾದವರು ಬರಲಿಲ್ಲ. ಮೇಜಿನ ಮೇಲೆ ಒಂದು ಸಾಲಿನ ಚೀಟಿ ಇತ್ತು. ‘ಕೊಕ್ಕಡಕ್ಕೆ ಹೋಗ್ತೇನೆ. ಎರಡನೇ ಮಂಚಕ್ಕೆ ಹತ್ತು ಗಂಟೆಗೆ ಇಂಜೆಕ್ಷನ್ ಉಂಟು.’ ಮೊದಲ ಬಸ್ಸಿಗೇ ಹೋಗಿದ್ದರು.

ಓದಿದ ಕೂಡಲೇ ನನಗೆ ಎಲ್ಲ ತಿಳಿಯಿತು. ಯಾರಿಗೂ ಹೇಳಲಿಲ್ಲ. ಮ್ಯಾನೇಜರು ಬಂದು, ವಾರ್ಡಿನಲ್ಲಿ ಸಿಸ್ಟರ್ ಇಲ್ಲ, ವ್ಯಾಪಾರಿಯ ಮನೆಯವರು ಏನೆಂದುಕೊಂಡಾರು ಎಂದು ಕೂಗಾಡಿದರು. ಇಂಜೆಕ್ಷನ್‌ಗಳನ್ನು ನಾನೇ ಕೊಟ್ಟೆ. ಹತ್ತಾಯಿತು, ಹನ್ನೆರಡಾಯಿತು. ಉಜಿರೆ ಕಡೆಯಿಂದ ಬಸ್ಸು ಬಂದ ಸದ್ದಾದಾಗಲೆಲ್ಲ ಎದ್ದು ಕಿಟಕಿಗೆ ಹೋದೆ. ಅವಳು ಚೆನ್ನಾಗಿರಲಿ, ಅಂಗಳದಲ್ಲಿ ಕೂತು ಮಗುವಿನ ತಲೆ ಬಾಚುತ್ತಿರಲಿ, ಸಿಸ್ಟರ್ ನಾಚಿಕೊಂಡು ಹಿಂದೆ ಬರಲಿ ಎಂದು ಬೇಡಿಕೊಂಡೆ. ಅದರಲ್ಲಿ ಅವಳ ಮೇಲಿನ ಕಾಳಜಿ ಎಷ್ಟಿತ್ತು, ನನ್ನ ಮೇಲಿನದು ಎಷ್ಟಿತ್ತು...

ಎರಡು ಗಂಟೆ ದಾಟಿದ ಮೇಲೆ ಒಂದು ಜೀಪು ನೇರ ಬಾಗಿಲಿಗೇ ಬಂದು ನಿಂತಿತು. ಹಿಂದೆ ರಬ್ಬರ್ ಶೀಟುಗಳ ಕಟ್ಟು, ಅದಕ್ಕೆ ಒರಗಿ ಕೂತ ಸಿಸ್ಟರ್, ಅವರ ಎದೆಗೆ ಆನಿಸಿ ಕೂರಿಸಿಕೊಂಡಿದ್ದ ಆ ಹೆಂಗಸು. ಸಿಸ್ಟರ್ ಒಂದು ಅಂಗೈಯನ್ನು ಅವಳ ಬೆನ್ನಿನಿಂದ ತೆಗೆದಿರಲಿಲ್ಲ, ಕಣ್ಣು ಇನ್ನೊಂದು ಕೈಯ ಗಡಿಯಾರದ ಮೇಲಿತ್ತು.

“ಹೊರಡುವಾಗ ನಲವತ್ತೆಂಟು,” ಎಂದರು ಇಳಿಯುವ ಮೊದಲೇ. “ಉಜಿರೆಯಲ್ಲಿ ಐವತ್ತೆರಡು. ಈಗ ಐವತ್ತೆಂಟು.”

ಉಗುರು ನೀಲಿಯಾಗಿತ್ತು. ಮಂಚ ಖಾಲಿ ಇರಲಿಲ್ಲ. ಹೊರರೋಗಿಗಳನ್ನು ನೋಡುವ ನನ್ನ ಮೇಜಿನ ಮೇಲೆ ಅವಳನ್ನು ಕೂರಿಸಿದೆವು, ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಸಿಲಿಂಡರ್ ಇದ್ದದ್ದು ವ್ಯಾಪಾರಿಯ ತಾಯಿಯ ಮಂಚದ ಬಳಿ. ಬೆಳಿಗ್ಗೆಯಿಂದ ಅವರಿಗೆ ಅದರ ಅಗತ್ಯವಿರಲಿಲ್ಲ, ಮಗನಿಗೆ ಧೈರ್ಯವಾಗಲೆಂದು ಮೂಗಿನ ನಳಿಗೆಯನ್ನು ಹಾಗೇ ಬಿಟ್ಟಿದ್ದೆ. ಸಿಸ್ಟರ್ “ಡಾಕ್ಟ್ರೇ, ಸಿಲಿಂಡರ್?” ಎಂದು ಕೇಳಿದರು. ನಾನು ವಾರ್ಡಿನ ಬಾಗಿಲಲ್ಲಿ ನಿಂತಿದ್ದ ಆ ಮಗನನ್ನು ನೋಡಿದೆ. ಸಿಸ್ಟರ್ ನನಗಾಗಿ ಕಾಯದೆ ಒಳಗೆ ಹೋಗಿ ಆ ಮುದುಕಿಯ ಹತ್ತಿರ ಬಗ್ಗಿ, “ಅಮ್ಮಾ, ನಿಮಗೆ ಇದು ಈಗ ಬೇಡ, ಆಚೆ ಒಬ್ಬಳಿಗೆ ಬೇಕು,” ಎಂದು ತುಳುವಿನಲ್ಲಿ ಹೇಳಿದರು. ಆ ತಾಯಿ ತಾವೇ ಮೂಗಿನ ನಳಿಗೆಯನ್ನು ಎಳೆದು ತೆಗೆದು, “ಬೇಗ ಕೊಂಡುಹೋಗು ಮಗಳೇ,” ಎಂದರು. ಮಗ ಕೂಗುತ್ತಲೇ ಇದ್ದ.

ಬೆನ್ನಿಗೆ ಬೆರಳು ಬಡಿದು ನೋಡಿದೆ. ಬಲಗಡೆ ಕೆಳಗೆ ಸದ್ದು ಕಲ್ಲಿನಂತೆ. ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ಮಂಗಳೂರಿಗೆ ಕಳಿಸಿದರೆ ದಾರಿಯಲ್ಲೇ ಹೋಗುವಳು, ದೊಡ್ಡ ಡಾಕ್ಟರು ಬರುವುದು ನಾಳೆ. ಸೂಜಿ ಹಾಕಿ ಆ ನೀರು ತೆಗೆಯಬೇಕು. ಕಾಲೇಜಿನಲ್ಲಿ ಒಂದೇ ಒಂದು ಸಲ, ಪ್ರೊಫೆಸರ್ ಪಕ್ಕದಲ್ಲಿ ನಿಂತಾಗ ನಾನದನ್ನು ಮಾಡಿದ್ದೆ. ಸಿಸ್ಟರ್ ಅವಳನ್ನು ಮುಂದಕ್ಕೆ ಬಾಗಿಸಿ ದಿಂಬಿಗೆ ಒರಗಿಸಿ, ಪಕ್ಕೆಲುಬುಗಳ ನಡುವೆ ಒಂದು ಕಡೆ ಬೆರಳಿಟ್ಟರು.

“ಇಲ್ಲಿ. ಎಲುಬಿನ ಮೇಲಿಂದ ಹೋಗಿ. ನಿಧಾನ. ನಾನು ಹಿಡ್ಕೊಂಡಿದ್ದೇನೆ.”

ಸೂಜಿ ಒಳಗೆ ಹೋಯಿತು. ಮೊದಲು ಏನೂ ಬರಲಿಲ್ಲ. ನನ್ನ ಬೆವರು ಅವಳ ಬೆನ್ನಿಗೆ ತೊಟ್ಟಿಕ್ಕಿದ್ದು ನೆನಪಿದೆ. “ಇನ್ನು ಸ್ವಲ್ಪ,” ಎಂದರು ಸಿಸ್ಟರ್. ಒತ್ತಿದೆ. ಸಿರಿಂಜಿನೊಳಗೆ ಕದಡಿದ ಹಳದಿ ನೀರು ಏರಿ ಬಂತು. ಒಂದು ಸಿರಿಂಜು, ಎರಡು, ಮೂರು... ಎಷ್ಟೆಂದು ಎಣಿಸಲಿಲ್ಲ. ಎಣಿಸುತ್ತಿದ್ದವರು ಸಿಸ್ಟರ್, ಅವಳ ಉಸಿರನ್ನು. “ಐವತ್ತು. ನಲವತ್ತಾರು,” ಎಂದು ಮೆಲ್ಲಗೆ ಹೇಳುತ್ತಿದ್ದರು. ನಲವತ್ತಕ್ಕೆ ಬಂದಾಗ ಆ ಹೆಂಗಸು ಕಣ್ಣು ತೆರೆದು ಮಕ್ಕಳೆಲ್ಲಿ ಎಂದು ಕೇಳಿದಳು. ಸಂಜೆಯ ಬಸ್ಸಿನಲ್ಲಿ ಎರಡನೇ ಸಿಲಿಂಡರ್ ಬಂದು ಇಳಿಯಿತು.

ಕೈ ತೊಳೆಯುವಾಗ ಕೇಳಿದೆ. “ಈಗ ಎಷ್ಟು ದಿವಸ ಸಿಸ್ಟರ್?”

“ಈಗ ನಾನು ಹೇಳುದಿಲ್ಲ ಡಾಕ್ಟ್ರೇ,” ಎಂದರು. ಸೂಜಿ ಸಿರಿಂಜುಗಳನ್ನು ಎತ್ತಿಡುತ್ತ, “ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಆರು ದಿವಸದಲ್ಲಿ ಅವಳ ಜ್ವರ ಹೋಗಿತ್ತು. ಆದ್ರೆ ನಾನು ರೋಗಕ್ಕೆ ಎಷ್ಟು ದಿವಸ ಬೇಕು ಅಂತ ಬರೆಯುದಲ್ಲ. ಮನೆಯಲ್ಲಿ ಇವಳನ್ನು ಎಷ್ಟು ದಿವಸ ಮಲಗ್ಲಿಕ್ಕೆ ಬಿಡ್ತಾರೆ ಅಂತ ಕೇಳಿ ಬರೆಯುದು. ಇವಳು ಹೋದ ದಿವಸವೇ ನೀರು ತರ್ಲಿಕ್ಕೆ ಗುಡ್ಡ ಇಳಿದಿದ್ದಾಳೆ. ಮರುದಿವಸ ತೋಟಕ್ಕೆ.”

ನಾನು ಟವಲಿಗೆ ಕೈ ಒರೆಸುತ್ತಲೇ ಇದ್ದೆ.

ಒಂದು ವಾರದಲ್ಲಿ ಸಿಸ್ಟರ್ ಮೇಲೆ ದೂರು ಬಂತು. ಮುದುಕಿಯ ಮೂಗಿನಿಂದ ಆಕ್ಸಿಜನ್ ಕಿತ್ತರು, ಹೇಳದೆ ಕೇಳದೆ ಡ್ಯೂಟಿ ಬಿಟ್ಟು ಹೋದರು, ಡಿಸ್ಚಾರ್ಜ್ ಆದವಳನ್ನು ಯಾರ ಅಪ್ಪಣೆಯೂ ಇಲ್ಲದೆ ಹಿಂದೆ ತಂದರು. ಕಚೇರಿಯಲ್ಲಿ ಮ್ಯಾನೇಜರು ಮತ್ತು ಆಡಳಿತದ ಇಬ್ಬರು ಹಿರಿಯರು ಕೂತಿದ್ದರು. ನನಗೆ ಕುರ್ಚಿ ಹಾಕಿದರು, ಸಿಸ್ಟರ್ ನಿಂತಿದ್ದರು. ಎಂ.ಡಿ. ಸೀಟಿಗೆ ಅರ್ಜಿ ಹಾಕುವ ಹೊತ್ತು ನನಗದು. ಆ ಹಿರಿಯರ ಕೈಯಿಂದ ಒಂದು ಒಳ್ಳೆಯ ಪತ್ರ ಸಿಗಬೇಕಿತ್ತು.

“ಡಾಕ್ಟ್ರೇ, ನೀವು ಡಿಸ್ಚಾರ್ಜ್ ಮಾಡುವಾಗ ಅವಳು ಗುಣ ಆಗಿದ್ದಳಲ್ಲಾ?”

“ಹೌದು,” ಎಂದೆ.

ಒಬ್ಬರು ಕೇಸ್ ಶೀಟನ್ನು ತಿರುಗಿಸಿ ನೋಡುತ್ತಿದ್ದವರು ಮೂಲೆಯ ಮೇಲೆ ಬೆರಳಿಟ್ಟರು. “ಇದು ಎಂತ, ಹನ್ನೆರಡು ಅಂತ? ಡಿಸ್ಚಾರ್ಜ್ ಆದದ್ದು ಆರಕ್ಕೆ.”

ಅದೊಂದೇ ಸಾಕ್ಷಿ ಇತ್ತು. ಸಿಸ್ಟರ್‌ಗೆ ಮೊದಲ ದಿನವೇ ಗೊತ್ತಿತ್ತು, ಡಾಕ್ಟರಿಗೆ ಹೇಳಿದ್ದರು, ಡಾಕ್ಟರು ಕೇಳಲಿಲ್ಲ ಎಂಬುದಕ್ಕೆ. ಸಿಸ್ಟರ್ ನನ್ನನ್ನು ನೋಡಿದರು. ಬೇಡುವ ನೋಟವಲ್ಲ. ನಾನೇನು ಹೇಳುತ್ತೇನೆಂದು ಕೇಳಲು ಕಾಯುವ ನೋಟ.

“ನನಗೆ ಗೊತ್ತಿಲ್ಲ,” ಎಂದೆ.

ಆಮೇಲೆ ಸಿಸ್ಟರ್ ಹೇಳಿದರು, “ಅದು ನಾನು ಸುಮ್ಮನೆ ಬರೆದದ್ದು.”

ಸಿಸ್ಟರ್ ತಿಂಗಳ ಕೊನೆಗೆ ಕೆಲಸ ಬಿಡಬೇಕೆಂದು ತೀರ್ಮಾನವಾಯಿತು. ಮರುದಿನ ಅವರು ನನ್ನೊಡನೆ ಬಿಗುಮಾನದಿಂದ ಇರುತ್ತಾರೆ ಎಂದುಕೊಂಡಿದ್ದೆ, ಬೈದರೂ ಆಗುತ್ತಿತ್ತು. “ಡಾಕ್ಟ್ರೇ, ಮೂರನೇ ಮಂಚದವರ ಮದ್ದು ಬದಲಾಯಿಸ್ಲಿಕ್ಕೆ ಉಂಟು,” ಎಂದು ಎಂದಿನ ದನಿಯಲ್ಲೇ ಹೇಳಿದರು. ನನಗೆ ತಲೆಯೆತ್ತಲಾಗಲಿಲ್ಲ. ಕೊಕ್ಕಡದವಳು ಮತ್ತೆ ಹತ್ತೊಂಬತ್ತು ದಿನ ಇದ್ದಳು. ಚಾರ್ಮಾಡಿಯಲ್ಲಿದ್ದ ಅವಳ ಅಕ್ಕನಿಗೆ ಸಿಸ್ಟರ್ ಕಾಗದ ಬರೆಸಿ, ಆಕೆ ಬಂದು ಕೊಕ್ಕಡದ ಮನೆಯಲ್ಲಿ ಒಲೆ ಹಚ್ಚಿದ ಸುದ್ದಿ ಬಂದ ಮೇಲೆಯೇ ಕಳಿಸಿಕೊಟ್ಟರು. ಅದಾಗಿ ನಾಲ್ಕೇ ದಿನಕ್ಕೆ ಅವರೂ ತಗಡಿನ ಟ್ರಂಕು ಹಿಡಿದು ಬಸ್ಸು ಹತ್ತಿದರು. ನಾನು ಹೊರರೋಗಿಗಳನ್ನು ನೋಡುತ್ತಿದ್ದೆ. ಎದ್ದು ಹೊರಗೆ ಬರಬಹುದಿತ್ತು.

ಪತ್ರ ಸಿಕ್ಕಿತು, ಸೀಟೂ ಸಿಕ್ಕಿತು. ಎಂ.ಡಿ. ಮುಗಿಸಿ ಬಂಟ್ವಾಳದಲ್ಲಿ ಕ್ಲಿನಿಕ್ ತೆರೆದೆ. ಎಂಬತ್ತರ ದಶಕದ ನಡುವಿನಲ್ಲಿ ಸಿಸ್ಟರ್ ಮೂಡಬಿದಿರೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿದ್ದಾರೆಂದು ತಿಳಿದು, ಒಂದು ಭಾನುವಾರ ಸ್ಕೂಟರಿನಲ್ಲಿ ಹೋದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಅವರಿಗೆ ಕನ್ನಡಕ ಬಂದಿತ್ತು, ಕೂದಲು ಬೆಳ್ಳಗಾಗಿತ್ತು. “ಓ, ಡಾಕ್ಟ್ರೇ!” ಎಂದು ಸಂಭ್ರಮದಿಂದ ಬೆಂಚು ಒರೆಸಿ ಕೂರಿಸಿದರು, ಲಿಂಬೆ ಶರಬತ್ತು ಮಾಡಿಸಿದರು, ಹೆಂಡತಿ ಮಕ್ಕಳನ್ನು ವಿಚಾರಿಸಿದರು.

“ಸಿಸ್ಟರ್, ಆ ದಿವಸ ಆಫೀಸಿನಲ್ಲಿ ನಾನು...” ಎಂದು ಶುರು ಮಾಡಿದೆ.

“ಆ ಕೊಕ್ಕಡದವಳು ಬರ್ತಾಳೆ ಮಾರಾಯ್ರೆ, ವರ್ಷಕ್ಕೊಮ್ಮೆ!” ಎಂದರು ನಡುವೆಯೇ. “ದೊಡ್ಡ ಮಗಳು ಈಗ ಉಜಿರೆಯಲ್ಲಿ ಹೈಸ್ಕೂಲಿಗೆ ಹೋಗ್ತಾಳೆ. ಇವಳು ಟ್ಯಾಪಿಂಗ್ ಬಿಟ್ಟಿದ್ದಾಳೆ.”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು, ಯಾರಿಗೋ ನೋವು ಜಾಸ್ತಿಯಾಗಿತ್ತು. “ಕೂತ್ಕೊಳ್ಳಿ, ಈಗ ಬಂದೆ,” ಎಂದು ಹೋದರು. ಇಪ್ಪತ್ತು ನಿಮಿಷ ಕೂತೆ. ಹೆರಿಗೆಗೆ ಎಷ್ಟು ಹೊತ್ತಾಗಬಹುದೆಂದು ನನಗೆ ಗೊತ್ತಿರಲಿಲ್ಲವೇ? ಆದರೂ ಎದ್ದು ಬಂದುಬಿಟ್ಟೆ. ಅವರು ಬೇಕೆಂದೇ ನನ್ನ ಮಾತು ತಡೆದರೋ, ಅಥವಾ ನಿಜವಾಗಿ ಅವರಿಗೆ ಆ ಹೆಂಗಸಿನ ಸುದ್ದಿಯೇ ಮುಖ್ಯವಾಗಿತ್ತೋ... ಇಂದಿಗೂ ತಿಳಿಯದು. ಇನ್ನೊಮ್ಮೆ ಹೋಗುವ ಎಂದುಕೊಂಡು ವರ್ಷಗಳು ಕಳೆದವು.

ಹಬೆಯ ಆ ದಿನದ ನಂತರ ಮೈ ಸ್ವಲ್ಪ ಸರಿಯಾದ ಮೇಲೆ ಮೂಡಬಿದಿರೆಗೆ ಹೋದೆ. ಹೆರಿಗೆ ಆಸ್ಪತ್ರೆ ಇದ್ದ ಜಾಗದಲ್ಲಿ ಟೈಲ್ಸ್ ಅಂಗಡಿ. ವಿಚಾರಿಸುತ್ತ ವಿಚಾರಿಸುತ್ತ ಇಗರ್ಜಿಯವರೆಗೆ ಬಂದೆ. ಸಿಸ್ಟರ್ ತೀರಿಕೊಂಡು ಹತ್ತು ವರ್ಷದ ಮೇಲಾಯಿತೆಂದು ಅಲ್ಲಿ ತಿಳಿಯಿತು. ಸ್ಮಶಾನದಲ್ಲಿ ಸಾಲು ಸಾಲು ಶಿಲುಬೆಗಳ ನಡುವೆ ಹೆಸರು ಓದುತ್ತ ಸುತ್ತಿದೆ, ಸಿಗಲಿಲ್ಲ. ಹುಲ್ಲು ಕೀಳುತ್ತಿದ್ದ ಒಬ್ಬ ಹೆಂಗಸು ನನ್ನನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದಳು. ಯಾರನ್ನು ಹುಡುಕುತ್ತೀರೆಂದು ಕೇಳಿದಳು. ಹೆಸರು ಹೇಳಿದೆ.

“ನರ್ಸ್ ಬಾಯಮ್ಮನದ್ದಾ? ಆ ಗೋಡೆಯ ಹತ್ರ ಉಂಟು,” ಎಂದು ತೋರಿಸಿದಳು. ಆಮೇಲೆ ನನ್ನ ಬಿಳಿಕೂದಲನ್ನೂ ಕೈಯ ಕೋಲನ್ನೂ ನೋಡಿ, “ನಿಮಗೆ ಅವರು ಎಂತ ಆಗ್ಬೇಕು?” ಎಂದಳು.

“ನಾನು ಅವರ ಕೈಕೆಳಗೆ ಕೆಲಸ ಮಾಡಿದವ,” ಎಂದೆ.

ಅವಳು ತಲೆಯಾಡಿಸಿ ಮತ್ತೆ ಹುಲ್ಲಿಗೆ ಬಗ್ಗಿದಳು. ಹೇಳಲು ಎಷ್ಟು ಸುಲಭದ ಮಾತು ಅದು! ಅಂದು ಆ ಕಚೇರಿಯಲ್ಲಿ, ಅವರು ನಿಂತಿದ್ದಾಗ, ನಾನು ಕುರ್ಚಿಯಿಂದ ಎದ್ದು ಅಷ್ಟನ್ನು ಹೇಳಿದ್ದರೂ ಸಾಕಿತ್ತು. ಗೋಡೆಯ ಹತ್ತಿರ ಹೋಗಿ ಚಪ್ಪಲಿ ಬಿಚ್ಚಿ ನಿಂತೆ. ಬಾಯಿಪಾಠ ಮಾಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.